ಮಾರ್ಕ್ಸ್ ಕಾರ್ಡ್ ಅಡವಿಡುವ ಬಾಂಡ್: ನರ್ಸ್ ಆದ ಮಕ್ಕಳಿಗೆ ಕಾನೂನು ನೆರವಿನ ದಾರಿ ತಿಳಿಸಿ

ಮಾನ್ಯ ಸಂಪಾದಕರೇ,

ನರ್ಸಿಂಗ್ ಮುಗಿಸಿದ ಮಕ್ಕಳು ಮಂಗಳೂರಿನ ಆಸ್ಪತ್ರೆಗಳಲ್ಲಿ ಕೆಲಸಕ್ಕೆ ಸೇರುವಾಗ ಅವರ ಮುಂದೆ ಒಂದು ಬಾಂಡ್ ಇಡುತ್ತಾರೆ. ಆ ಬಾಂಡಿನಿಂದ ತಕರಾರು ಬಂದರೆ ಎಲ್ಲಿಗೆ ಹೋಗಬೇಕು ಎಂದು ಹೆಚ್ಚಿನ ಮನೆಗಳಲ್ಲಿ ಗೊತ್ತಿಲ್ಲ. ನಾನು ಸುರತ್ಕಲ್‌ನಲ್ಲಿ ಟೈಲರಿಂಗ್ ಮಾಡುವವಳು, ಮೊದಲು ಬೀಡಿ ಕಟ್ಟುತ್ತಿದ್ದೆ. ನಮ್ಮವರು ಬೈಕಂಪಾಡಿಯಲ್ಲಿ ಟೆಂಪೋ ಓಡಿಸುತ್ತಾರೆ. ಮಗಳು ಬಿ.ಎಸ್ಸಿ. ನರ್ಸಿಂಗ್ ಓದಿದ್ದಾಳೆ. ಕಾನೂನು ಓದಿದವರು ನಮ್ಮ ಕುಟುಂಬದಲ್ಲಿ ಯಾರೂ ಇಲ್ಲ. ಈ ವಿಷಯದಲ್ಲಿ ನಮಗೆ ತಿಳಿದು ಬಂದದ್ದು ಬೇರೆ ತಾಯಂದಿರಿಗೂ ತಿಳಿಯಲಿ ಎಂದು ಬರೆಯುತ್ತಿದ್ದೇನೆ.

ಮಗಳು ಸೇರಿದ್ದು ಒಂದು ಖಾಸಗಿ ಆಸ್ಪತ್ರೆಗೆ. ಸೇರುವ ದಿನ ಸ್ಟಾಂಪ್ ಪೇಪರಿನಲ್ಲಿ ಇಂಗ್ಲಿಷಿನ ಕರಾರು ಪತ್ರ ತಂದಿಟ್ಟರು. ಎರಡು ವರ್ಷ ಕೆಲಸ ಬಿಡಬಾರದು. ಬಿಟ್ಟರೆ ತರಬೇತಿಯ ಖರ್ಚು ಎಂದು 1 ಲಕ್ಷ ರೂಪಾಯಿ ಕಟ್ಟಬೇಕು. ಅಷ್ಟೇ ಅಲ್ಲ, ಎಸ್ಸೆಸ್ಸೆಲ್ಸಿಯಿಂದ ಡಿಗ್ರಿವರೆಗಿನ ಒರಿಜಿನಲ್ ಮಾರ್ಕ್ಸ್ ಕಾರ್ಡ್, ನರ್ಸಿಂಗ್ ಕೌನ್ಸಿಲ್ ರಿಜಿಸ್ಟ್ರೇಶನ್ ಎಲ್ಲ ಅವರ ಕೈಗೆ ಕೊಡಬೇಕು. ಜೊತೆಗೆ ತಂದೆಯ ಸಹಿ ಇರುವ, ಮೊತ್ತ ಬರೆಯದ ಒಂದು ಚೆಕ್. ಅವತ್ತು ಸೇರಿದ ಎಲ್ಲ ಮಕ್ಕಳೂ ಇದನ್ನೇ ಕೊಟ್ಟರು. ಕೊಡದಿದ್ದರೆ ಕೆಲಸ ಇಲ್ಲ ಎಂದಾಗ ಬೇರೆ ದಾರಿ ಎಲ್ಲಿ? ಸಹಿ ಹಾಕಿಸಿಕೊಂಡ ಪತ್ರದ ಒಂದು ಪ್ರತಿಯನ್ನೂ ಮಕ್ಕಳ ಕೈಗೆ ಕೊಡಲಿಲ್ಲ. ನಮ್ಮವಳು ಪುಟ ಪುಟವನ್ನೂ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟಿದ್ದಳು. ಮುಂದೆ ಅದೇ ನಮ್ಮ ಕೈ ಹಿಡಿಯಿತು.

ಒಂದೂವರೆ ವರ್ಷ ಅವಳು ಐಸಿಯುನಲ್ಲಿ ದುಡಿದಳು. ಜನ ಕಡಿಮೆ, ನೈಟ್ ಡ್ಯೂಟಿ ಜಾಸ್ತಿ. ಆರೋಗ್ಯ ಕೆಟ್ಟಿತು. ಒಂದು ತಿಂಗಳ ಮೊದಲೇ ಬರೆದು ಕೊಟ್ಟು ಕೆಲಸ ಬಿಟ್ಟಳು. ಕೊನೆಯ ತಿಂಗಳ ಸಂಬಳ ಬರಲಿಲ್ಲ. ಮಾರ್ಕ್ಸ್ ಕಾರ್ಡ್ ಕೇಳಿದರೆ, 1 ಲಕ್ಷ ಕಟ್ಟಿ ತೆಗೆದುಕೊಂಡು ಹೋಗಿ, ಇಲ್ಲದಿದ್ದರೆ ಚೆಕ್ ಬ್ಯಾಂಕಿಗೆ ಹಾಕುತ್ತೇವೆ ಎಂಬ ಉತ್ತರ. ಬೇರೆ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತ್ತು, ಆದರೆ ಅವರು ಒರಿಜಿನಲ್ ನೋಡದೆ ಸೇರಿಸಿಕೊಳ್ಳುವುದಿಲ್ಲ. ಚಿನ್ನ ಅಡವಿಟ್ಟ ಹಾಗೆ ನನ್ನ ಮಗಳ ಓದನ್ನೇ ಅಡವಿಟ್ಟುಕೊಂಡು ಕೂತಿದ್ದರು. ಬೀಡಿ ಕಟ್ಟಿ, ಬಟ್ಟೆ ಹೊಲಿದು ಓದಿಸಿದ ತಾಯಿಗೆ ಅದನ್ನು ಕೇಳಿದಾಗ ಆಗುವ ಸಂಕಟ ಸಣ್ಣದಲ್ಲ.

ನಮ್ಮ ಕಡೆ ಇಂಥ ಹೊತ್ತಿನಲ್ಲಿ ಎಲ್ಲರೂ ಹೇಳುವುದು ಎರಡೇ ಮಾತು. ಒಂದು, ಪೊಲೀಸ್ ಠಾಣೆಗೆ ಹೋಗಿ. ಇನ್ನೊಂದು, ಪರಿಚಯದ ಲೀಡರ್ ಹತ್ತಿರ ಒಂದು ಫೋನ್ ಮಾಡಿಸಿ. ಠಾಣೆಯಲ್ಲಿ, ಇದು ಸಿವಿಲ್ ವಿಷಯ, ಕೋರ್ಟಿಗೆ ಹೋಗಿ ಎಂದರು. ಅವರ ಮೇಲೆ ನನಗೆ ಬೇಸರ ಇಲ್ಲ. ಕರಾರು ಮುರಿದದ್ದೆಲ್ಲ ಪೊಲೀಸ್ ಕೇಸ್ ಆಗುವುದಿಲ್ಲ ಎಂದು ಆಮೇಲೆ ವಕೀಲರೂ ಹೇಳಿದರು. ಆದರೆ ಕೋರ್ಟಿಗೆ ಹೋಗಿ ಎಂದವರು ಅಲ್ಲಿ ಯಾರನ್ನು ಕೇಳಬೇಕು ಎಂದೂ ಹೇಳಿದ್ದರೆ ಎಷ್ಟು ಉಪಕಾರ ಆಗುತ್ತಿತ್ತು! ಲೀಡರ್ ಹತ್ತಿರ ಹೋಗಲು ಮಗಳು ಒಪ್ಪಲಿಲ್ಲ. ನಂಟರು, ವಕೀಲರ ಫೀಸಿಗೇ ಲಕ್ಷ ಬೇಕು, ಸುಮ್ನೆ ಸಾಲ ಮಾಡಿ ಕಟ್ಟಿಬಿಡಿ ಎಂದರು.

ನಮ್ಮ ವಠಾರದ ಆಶಾ ಕಾರ್ಯಕರ್ತೆ ಒಬ್ಬರು, "ಅಕ್ಕಾ, ಹೆಂಗಸರಿಗೆ ಸರ್ಕಾರದಿಂದಲೇ ವಕೀಲರನ್ನು ಕೊಡುತ್ತಾರೆ, ಕೋರ್ಟಿನ ಒಳಗೇ ಆಫೀಸ್ ಉಂಟು" ಎಂದು ಹೇಳಿದ ಮೇಲೆಯೇ ನಮಗೆ ದಾರಿ ಕಂಡದ್ದು. ಅದು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ. ಸುರತ್ಕಲ್ ಬಸ್ಸಿನಲ್ಲಿ ಬಂದು ಮಂಗಳೂರಿನ ಪಿವಿಎಸ್ ವೃತ್ತದಲ್ಲಿ ಇಳಿದರೆ ಕೋರ್ಟಿಗೆ ನಡೆದು ಹೋಗುವಷ್ಟೇ ದೂರ. ಬಟ್ಟೆ ಸಾಮಾನು ತರಲು ಆ ದಾರಿಯಲ್ಲಿ ಎಷ್ಟೋ ಸಲ ಹೋಗಿ ಬಂದಿದ್ದೇನೆ.

ಇಲ್ಲಿ ಒಂದು ವಿಷಯ ಒತ್ತಿ ಹೇಳಬೇಕು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಹೆಂಗಸರಿಗೆ ಉಚಿತ ಕಾನೂನು ನೆರವು ಸಿಗುತ್ತದೆ, ಅವರ ವರಮಾನ ಎಷ್ಟೇ ಇರಲಿ. ನರ್ಸ್‌ಗೆ ಸಂಬಳ ಬರುತ್ತದೆ, ಬಿಪಿಎಲ್ ಕಾರ್ಡ್ ಇಲ್ಲ, ಹಾಗಾಗಿ ನಮಗೆ ಸಿಗುವುದಿಲ್ಲ ಎಂದು ನಾವು ಅಂದುಕೊಂಡದ್ದು ತಪ್ಪು ತಿಳಿವಳಿಕೆ. ಬಹಳ ಮಂದಿಯಲ್ಲಿ ಅದೇ ಉಂಟು. ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಮೊದಲಾದವರಿಗೂ ವರಮಾನದ ಲೆಕ್ಕ ಇಲ್ಲ. ಉಳಿದವರಿಗೆ ಮಾತ್ರ ಮಿತಿ ಇದೆ. ಅರ್ಜಿ ಕನ್ನಡದಲ್ಲಿ ಬರೆದರೆ ಸಾಕು. ಬರೆಯಲು ಬಾರದವರು ಬಾಯಲ್ಲಿ ಹೇಳಬಹುದು, ಅಲ್ಲಿಯವರೇ ಬರೆದುಕೊಳ್ಳಬೇಕು ಎಂದು ನಿಯಮವೇ ಇದೆ. 15100 ಎಂಬ ನಂಬರಿಗೆ ಫೋನ್ ಮಾಡಿಯೂ ಕೇಳಬಹುದು. ಬಂಟ್ವಾಳ, ಪುತ್ತೂರು, ಬೆಳ್ತಂಗಡಿ, ಸುಳ್ಯದವರು, ಆ ಕಡೆ ಕಾರ್ಕಳ, ಕುಂದಾಪುರದವರು ಜಿಲ್ಲಾ ಕೇಂದ್ರಕ್ಕೇ ಬರಬೇಕೆಂದಿಲ್ಲ. ತಾಲ್ಲೂಕು ಕೋರ್ಟಿನಲ್ಲೂ ಕಾನೂನು ಸೇವೆಗಳ ಸಮಿತಿ ಇರುತ್ತದೆ.

ನಮಗೆ ಕೊಟ್ಟದ್ದು ಒಬ್ಬ ಸಣ್ಣ ಪ್ರಾಯದ ವಕೀಲೆಯನ್ನು. ಪುಕ್ಕಟೆ ವಕೀಲರು ಸರಿಯಾಗಿ ನೋಡುವುದಿಲ್ಲ ಎಂದು ನಮಗೆ ಹೆದರಿಸಿದವರಿದ್ದರು. ಈ ಮೇಡಂ ಮಗಳ ಮೊಬೈಲಿನಲ್ಲಿದ್ದ ಕರಾರನ್ನು ಸಾಲು ಸಾಲಾಗಿ ಓದಿ, ನನಗೆ ತುಳುವಿನಲ್ಲಿ ಬಿಡಿಸಿ ಹೇಳಿದರು. ಆಮೇಲೆ ಕೇಳಿದ ಮೊದಲ ಪ್ರಶ್ನೆ: ಇವರು ನಿನಗೆ ಕೊಟ್ಟ ತರಬೇತಿ ಯಾವುದು? ಮಗಳು ಯೋಚಿಸಿ ಹೇಳಿದಳು, ಸೇರಿದ ಹೊಸತರಲ್ಲಿ ವಾರ್ಡ್ ತೋರಿಸಿದ್ದು, ಕಂಪ್ಯೂಟರಿನಲ್ಲಿ ಹೇಗೆ ಬರೆಯಬೇಕು ಎಂದು ಹೇಳಿಕೊಟ್ಟದ್ದು. ಅದಕ್ಕೆ ಲಕ್ಷ ರೂಪಾಯಿಯೇ?

ಮೇಡಂ ವಿವರಿಸಿದ್ದು ಹೀಗೆ. ನಮ್ಮ ಕರಾರು ಕಾಯ್ದೆ 1872ರದ್ದು. ಅದರ 74ನೇ ಕಲಂ ಪ್ರಕಾರ, ಪತ್ರದಲ್ಲಿ 1 ಲಕ್ಷ ಎಂದು ಬರೆದ ಮಾತ್ರಕ್ಕೆ ಅಷ್ಟೂ ಕೊಡಬೇಕೆಂದಿಲ್ಲ. ಆ ಮೊತ್ತವನ್ನು ಮೀರದ ಹಾಗೆ, ನ್ಯಾಯವಾದ ಪರಿಹಾರ ಎಷ್ಟೋ ಅಷ್ಟನ್ನೇ ಕೋರ್ಟ್ ಕೊಡಿಸುತ್ತದೆ. ಎರಡು ವರ್ಷದಲ್ಲಿ ಒಂದೂವರೆ ವರ್ಷ ದುಡಿದದ್ದೂ ಲೆಕ್ಕಕ್ಕೆ ಬರಬೇಕಲ್ಲವಾ? ಹಾಗೆಂದು ಬಾಂಡ್ ಎಲ್ಲ ಸುಳ್ಳು, ಹರಿದು ಬಿಸಾಡಿ ಎಂದು ಅವರು ಹೇಳಲಿಲ್ಲ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಒಂದು ಸರ್ಕಾರಿ ಬ್ಯಾಂಕಿನ ಪ್ರಕರಣದಲ್ಲಿ ಮೂರು ವರ್ಷದ, 2 ಲಕ್ಷದ ಬಾಂಡನ್ನು ಸರಿ ಎಂದಿದೆ. ಬ್ಯಾಂಕಿಗೆ ಮತ್ತೆ ಜಾಹೀರಾತು, ಪರೀಕ್ಷೆ, ಸಂದರ್ಶನ ಎಂದು ಖರ್ಚು ಬೀಳುತ್ತದೆ ಎಂಬುದನ್ನು ಅಲ್ಲಿ ಪರಿಗಣಿಸಿದರು. ಹಾಗಾಗಿ ನಮ್ಮ ಕೇಸಿನಲ್ಲಿ ಏನಾಯಿತು, ಎಷ್ಟು ನಷ್ಟ ಆಯಿತು ಎಂಬುದೇ ಮುಖ್ಯ ಎಂದರು. ಇಷ್ಟು ನೇರವಾಗಿ ಹೇಳಿದ್ದರಿಂದಲೇ ನನಗೆ ಅವರ ಮೇಲೆ ನಂಬಿಕೆ ಬಂತು.

ಚೆಕ್ಕಿನ ವಿಷಯ ನಮ್ಮವರ ನಿದ್ದೆ ಕೆಡಿಸಿತ್ತು. ಚೆಕ್ ಬೌನ್ಸ್ ಆದರೆ ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ಕೇಸ್ ಹಾಕಬಹುದು, ಅದು ಕ್ರಿಮಿನಲ್ ಕೇಸ್. ಬೌನ್ಸ್ ಆದದ್ದು ತಿಳಿದ 30 ದಿನದೊಳಗೆ ಅವರು ನೋಟಿಸ್ ಕಳಿಸಬೇಕು, ನೋಟಿಸ್ ಸಿಕ್ಕಿದ ಮೇಲೆ ಹಣ ಕೊಡಲು ನಮಗೆ 15 ದಿನ. ಸಹಿ ನಮ್ಮದೇ ಆದ್ದರಿಂದ, ಸಾಲ ಇಲ್ಲ ಎಂದು ತೋರಿಸುವ ಹೊರೆ ನಮ್ಮ ಮೇಲೆಯೇ ಬೀಳುತ್ತದೆ. ಅಂಥ ನೋಟಿಸ್ ಬಂದಾಗ ಹೆದರಿ ಸುಮ್ಮನೆ ಕೂರುವುದು, ಅಂಚೆಯಲ್ಲಿ ಬಂದ ಕವರ್ ವಾಪಸ್ ಕಳಿಸುವುದು ಎರಡೂ ಬಹಳ ಅಪಾಯ. ನಮ್ಮ ವಕೀಲರು ಅಂಥ ನೋಟಿಸ್ ಬರುವವರೆಗೆ ಕಾಯುತ್ತಾ ಕೂರದೆ, ಇದು ಭದ್ರತೆಗೆಂದು ಪಡೆದ ಖಾಲಿ ಚೆಕ್, ಕೊಡಬೇಕಾದ ಬಾಕಿ ಯಾವುದೂ ಇಲ್ಲ, ಬ್ಯಾಂಕಿಗೆ ಹಾಕಬೇಡಿ ಎಂದು ಆಸ್ಪತ್ರೆಗೆ ಮೊದಲೇ ಬರೆದರು.

ಇನ್ನೊಂದು ಉಪಯೋಗಕ್ಕೆ ಬಂದದ್ದು ವಾಟ್ಸಾಪ್ ಮೆಸೇಜ್. ಹಣ ಕಟ್ಟಿ ಸರ್ಟಿಫಿಕೇಟ್ ಪಡೆಯಿರಿ ಎಂದು ಆಫೀಸಿನವರೇ ಕಳಿಸಿದ ಮೆಸೇಜ್ ಮಗಳ ಫೋನಿನಲ್ಲಿತ್ತು. ಒರಿಜಿನಲ್‌ಗಳು ಅವರ ಹತ್ತಿರವೇ ಇವೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಆ ಫೋನ್ ಬದಲಾಯಿಸಬೇಡ, ಯಾವುದನ್ನೂ ಡಿಲೀಟ್ ಮಾಡಬೇಡ ಎಂದು ಮೇಡಂ ಹೇಳಿದ್ದರು. ಕೋರ್ಟಿನಲ್ಲಿ ಅದನ್ನು ಹಾಜರು ಮಾಡಬೇಕಾದರೆ ಜೊತೆಗೆ ಅದು ಆ ಫೋನಿನದ್ದೇ ಎಂಬ ಪ್ರಮಾಣಪತ್ರ ಕೊಡಬೇಕಂತೆ.

ಕೇಸ್ ಹಾಕುವ ಮೊದಲೇ ಸಂಧಾನಕ್ಕೆ ಅರ್ಜಿ ಕೊಡಬಹುದು. ವ್ಯಾಜ್ಯಪೂರ್ವ ಪ್ರಕರಣ ಎನ್ನುತ್ತಾರೆ. ಅದಕ್ಕೆ ಕೋರ್ಟ್ ಫೀಸ್ ಇಲ್ಲ. ಪ್ರಾಧಿಕಾರದಿಂದ ನೋಟಿಸ್ ಹೋದ ಮೇಲೆ ಆಸ್ಪತ್ರೆಯ ಕಡೆಯವರು ವಕೀಲರ ಜೊತೆ ಬಂದರು. ಅದುವರೆಗೆ ಫೋನ್ ಎತ್ತದವರು ಅಲ್ಲಿ ಎದುರು ಕೂತು ಮರ್ಯಾದೆಯಿಂದಲೇ ಮಾತಾಡಿದರು. ಲೋಕ ಅದಾಲತ್‌ನಲ್ಲಿ ರಾಜಿ ಆಯಿತು. ಮಾರ್ಕ್ಸ್ ಕಾರ್ಡ್, ರಿಜಿಸ್ಟ್ರೇಶನ್, ಚೆಕ್, ಅನುಭವದ ಪತ್ರ ಎಲ್ಲ ಕೊಡಬೇಕು. ನಾವು ಬಾಕಿ ಇದ್ದ ಒಂದು ತಿಂಗಳ ಸಂಬಳ ಬಿಟ್ಟುಕೊಡಬೇಕು. ಆ ಸಂಬಳ ಅವಳ ದುಡಿಮೆ, ಬಿಡಲು ನನಗೆ ಮನಸ್ಸಿರಲಿಲ್ಲ. ಆದರೆ ಹೊಸ ಕೆಲಸ ಕೈತಪ್ಪುವುದರಲ್ಲಿತ್ತು. ಮಗಳೇ, "ಸಾಕಮ್ಮಾ" ಎಂದಳು. ಲೋಕ ಅದಾಲತ್‌ನಲ್ಲಿ ಆದ ರಾಜಿಗೆ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ, ಅಂದರೆ ತೀರ್ಪಿನ ಆದೇಶದಷ್ಟೇ ಬೆಲೆ ಉಂಟು, ಅದರ ಮೇಲೆ ಅಪೀಲು ಇಲ್ಲ. ಅದಕ್ಕೇ ಸಹಿ ಹಾಕುವ ಮೊದಲು ಪ್ರತಿ ಸಾಲನ್ನೂ ಓದಿಸಿ ಕೇಳಿದೆವು.

ಆಸ್ಪತ್ರೆಗಳ ಕಷ್ಟ ನನಗೆ ಅರ್ಥ ಆಗುವುದಿಲ್ಲ ಎಂದಲ್ಲ. ಹೊಸ ಮಕ್ಕಳಿಗೆ ಕೆಲಸ ಕಲಿಸಿ, ಅವರು ಕೈಗೆ ಬರುವಷ್ಟರಲ್ಲಿ ಗಲ್ಫಿಗೆ ಹೋದರೆ ವಾರ್ಡ್ ನಡೆಸುವವರು ಏನು ಮಾಡಬೇಕು? ನ್ಯಾಯವಾದ ಬಾಂಡ್ ಇರಲಿ. ಆದರೆ ಅದನ್ನು ಕನ್ನಡದಲ್ಲೂ ಕೊಡಿ. ಸಹಿ ಹಾಕುವ ಮೊದಲು ಮನೆಗೆ ಒಯ್ದು ಓದಲು ಎರಡು ದಿನ ಬಿಡಿ. ಒಂದು ಪ್ರತಿ ಮಕ್ಕಳ ಕೈಯಲ್ಲಿರಲಿ. ಒರಿಜಿನಲ್ ನೋಡಿ, ಜೆರಾಕ್ಸ್ ಇಟ್ಟುಕೊಂಡು, ಅಲ್ಲೇ ವಾಪಸ್ ಕೊಡಿ. ಖಾಲಿ ಚೆಕ್ ಕೇಳಲೇಬೇಡಿ. ರೋಗಿಯ ಪ್ರಾಣವನ್ನೇ ಈ ಮಕ್ಕಳ ಕೈಗೆ ಒಪ್ಪಿಸುವವರು ಅವರನ್ನು ಇಷ್ಟು ನಂಬಬಾರದೇ?

ನರ್ಸಿಂಗ್ ಕಾಲೇಜುಗಳಲ್ಲಿ ನನ್ನ ಕೋರಿಕೆ ಒಂದೇ. ಕೊನೆಯ ವರ್ಷದ ಮಕ್ಕಳಿಗೆ, ಆಸ್ಪತ್ರೆಯವರು ಆಯ್ಕೆಗೆ ಬರುವ ಮೊದಲು, ಕಾನೂನು ಸೇವೆಗಳ ಪ್ರಾಧಿಕಾರದವರನ್ನು ಕರೆಸಿ ಒಂದು ಮಧ್ಯಾಹ್ನ ಮಾತಾಡಿಸಿ. ನವೆಂಬರ್ 9 ರಾಷ್ಟ್ರೀಯ ಕಾನೂನು ಸೇವೆಗಳ ದಿನ. ಅವತ್ತು ಕಾರ್ಯಕ್ರಮಗಳು ಆಗುತ್ತವೆ. ಭಾಷಣದ ಬದಲು ನಿಜವಾದ ಒಂದು ಬಾಂಡನ್ನು ಹಿಡಿದು, ಹೆಸರು ಅಳಿಸಿ, ಸಾಲು ಸಾಲಾಗಿ ಓದಿ ಹೇಳಿದರೆ ಮಕ್ಕಳಿಗೆ ಎಷ್ಟೋ ಉಪಯೋಗ. ಮಗಳ ಜೊತೆ ಸೇರಿದವರಲ್ಲಿ ಕೆಲವರು ಸಾಲ ಮಾಡಿ ಹಣ ಕಟ್ಟಿ ಹೊರಗೆ ಬಂದಿದ್ದಾರೆ. ಕರಾರಿನ ತಕರಾರಿಗೆ ದಾವೆ ಹಾಕಲು ಸಾಮಾನ್ಯವಾಗಿ ಮೂರು ವರ್ಷದ ಅವಧಿ ಇರುತ್ತದೆ. ಅವರೂ ತಡ ಮಾಡದೆ ಒಮ್ಮೆ ಹೋಗಿ ಕೇಳಲಿ.

ನಿಮ್ಮ ಪತ್ರಿಕೆಯಲ್ಲೂ ಒಂದು ಬಿನ್ನಹ. ನಗರದಲ್ಲಿ ಇಂದು ಎಂಬ ಪಟ್ಟಿಯ ಪಕ್ಕದಲ್ಲಿ ಮಂಗಳೂರು, ಉಡುಪಿ ಮತ್ತು ತಾಲ್ಲೂಕು ಕೋರ್ಟುಗಳ ಕಾನೂನು ನೆರವು ಕಚೇರಿಯ ವಿಳಾಸ, ಸಮಯ, ಮುಂದಿನ ಲೋಕ ಅದಾಲತ್‌ನ ದಿನಾಂಕ ಇಷ್ಟನ್ನು ವಾರಕ್ಕೊಮ್ಮೆ ಹಾಕಿ. ಹೆಂಗಸರಿಗೆ ವರಮಾನದ ಮಿತಿ ಇಲ್ಲ ಎಂಬ ಸಾಲನ್ನು ದಪ್ಪ ಅಕ್ಷರದಲ್ಲಿ ಹಾಕಿ.

ಇತಿ,
ಒಬ್ಬ ನರ್ಸ್‌ನ ತಾಯಿ
ಸುರತ್ಕಲ್, ಮಂಗಳೂರು