ಇಸಾಂಪುರ ಪ್ರವಾಸ ಮತ್ತು ‘ಅದು ಬರೀ ಸಿದ್ಧಾಂತ’ ಎಂಬ ಮಾತಿನ ಕುರಿತು ಹತ್ತನೆಯ ತರಗತಿಯ ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ, ನಮಸ್ಕಾರಗಳು.

ಹತ್ತನೆಯ ತರಗತಿಯ ಮಕ್ಕಳನ್ನು ಕಳೆದ ಶನಿವಾರ ಹುಣಸಗಿ ಬಳಿಯ ಇಸಾಂಪುರಕ್ಕೆ ಕರೆದೊಯ್ದು ಬಂದ ಮೇಲೆ ನನ್ನ ಕಚೇರಿಗೆ ಮೂರು ದೂರುಗಳು ಬಂದಿವೆ. ಮೊದಲನೆಯದು ಬಸ್ಸು ರಾತ್ರಿ ತಡವಾಗಿ ಊರು ಸೇರಿದ್ದರ ಬಗ್ಗೆ. ಅದು ಪೂರ್ತಿ ನಮ್ಮ ತಪ್ಪು, ಕ್ಷಮೆ ಕೇಳುತ್ತೇನೆ. ಉಳಿದ ಎರಡು ದೂರುಗಳು ವಿಜ್ಞಾನ ಶಿಕ್ಷಕರು ಅಲ್ಲಿ ಆಡಿದ ಮಾತುಗಳಿಗೆ ಸಂಬಂಧಿಸಿವೆ. ಜೀವಿಗಳು ತಲೆಮಾರುಗಳ ಮೂಲಕ ಬದಲಾಗುತ್ತಾ ಬಂದಿವೆ ಎನ್ನುವ ಜೀವವಿಕಾಸವು ಬರೀ ಒಂದು ಸಿದ್ಧಾಂತವಾಗಿರುವಾಗ ಅದನ್ನು ಮಕ್ಕಳಿಗೆ ಸತ್ಯವೆಂಬಂತೆ ಏಕೆ ಹೇಳಬೇಕು, ಪಠ್ಯದಿಂದಲೇ ತೆಗೆದ ವಿಷಯವನ್ನು ಶಾಲೆ ಏಕೆ ಕೈಗೆತ್ತಿಕೊಳ್ಳಬೇಕು ಎಂಬುದು ಅವುಗಳ ಸಾರಾಂಶ. ಬಂದವರಿಬ್ಬರೂ ಗೌರವದಿಂದಲೇ ಮಾತನಾಡಿದರು. ಆದರೂ ಅದೇ ಪ್ರಶ್ನೆ ಇನ್ನೂ ಹಲವರ ಮನಸ್ಸಿನಲ್ಲಿರಬಹುದೆಂದು ಎಲ್ಲರಿಗೂ ಬರೆಯುತ್ತಿದ್ದೇನೆ.

ಇಸಾಂಪುರದಲ್ಲಿ ಮಕ್ಕಳು ನೋಡಿದ್ದು ಇಷ್ಟು. ಪುಣೆಯ ಡೆಕ್ಕನ್ ಕಾಲೇಜಿನ ಪ್ರೊ. ಕೆ. ಪದ್ದಯ್ಯ ಅವರ ತಂಡ ಉತ್ಖನನ ನಡೆಸಿದ ಆ ಜಾಗದಲ್ಲಿ ಸುಣ್ಣಕಲ್ಲಿನ ಚಪ್ಪಡಿಗಳನ್ನು ಒಡೆದು ಕೈಗೊಡಲಿ ಮಾಡಿದ ಗುರುತುಗಳಿವೆ. ಜೊತೆಯಲ್ಲಿ ಸಿಕ್ಕ ಪ್ರಾಣಿಗಳ ಹಲ್ಲಿನ ಎನಾಮೆಲ್ ಪರೀಕ್ಷಿಸಿ, ಆ ಆಯುಧಗಳು 10 ಲಕ್ಷ ವರ್ಷಗಳಿಗೂ ಹಿಂದಿನವೆಂದು ವಿಜ್ಞಾನಿಗಳು ಅಂದಾಜಿಸಿದ್ದಾರೆ. ನಮ್ಮ ಮನುಷ್ಯ ಪ್ರಭೇದಕ್ಕೆ ಸೇರಿದ ಅತಿ ಹಳೆಯ ಪಳೆಯುಳಿಕೆಗಳ ವಯಸ್ಸು ಸುಮಾರು 3 ಲಕ್ಷ ವರ್ಷ. ಹಾಗಾದರೆ ನಮ್ಮ ಜಿಲ್ಲೆಯ ಆ ಕಣಿವೆಯಲ್ಲಿ ಕಲ್ಲು ಒಡೆದವರು ಯಾರು ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ನಮಗಿಂತ ಹಿಂದೆ ಇದ್ದ ಬೇರೆ ಮಾನವ ಪ್ರಭೇದದವರು ಎಂದು ಶಿಕ್ಷಕರು ಉತ್ತರಿಸಲು ಹೋದಾಗ ಜೀವವಿಕಾಸದ ಮಾತು ಬಂತು. ಕೇಳಿದ ಮಗುವಿಗೆ ‘ಸುಮ್ಮನಿರು’ ಎನ್ನುವ ಶಿಕ್ಷಕರು ನಮ್ಮಲ್ಲಿಲ್ಲ, ಇರಬಾರದು ಕೂಡ.

ಉತ್ತರಿಸುವಾಗ ಅವರು ‘ನಿಮ್ಮ ತಾತನ ತಾತ ಮಂಗ’ ಎಂದು ತಮಾಷೆ ಮಾಡಿದ್ದು ಸರಿಯಲ್ಲ. ಅದು ಮನಸ್ಸು ನೋಯಿಸುವ ಮಾತಷ್ಟೇ ಅಲ್ಲ, ವಿಜ್ಞಾನದ ಲೆಕ್ಕದಲ್ಲೂ ತಪ್ಪು. ಇಂದಿನ ಮಂಗ ನಮ್ಮ ಪೂರ್ವಜವಲ್ಲ. ಬಹಳ ಹಿಂದಿನ ಒಂದೇ ಮೂಲದಿಂದ ಬೇರೆ ಬೇರೆ ಕವಲಾಗಿ ಬಂದ ದಾಯಾದಿ. ‘ಮಂಗ ಮನುಷ್ಯನಾಗಿದ್ದರೆ ಈಗಲೂ ಮಂಗಗಳೇಕಿವೆ’ ಎಂದು ಒಬ್ಬ ತಂದೆ ಕೇಳಿದರು. ಒಂದು ಮನೆತನದವರು ಗುಳೆ ಹೋಗಿ ಪುಣೆಯಲ್ಲಿ ನೆಲೆಸಿದರೆ ಊರಲ್ಲಿ ಉಳಿದ ಅಣ್ಣತಮ್ಮಂದಿರು ಇಲ್ಲವಾಗುವುದಿಲ್ಲವಲ್ಲ ಎಂದೆ, ಅವರು ನಕ್ಕರು. ಶಿಕ್ಷಕರೊಂದಿಗೆ ಮಾತನಾಡಿದ್ದೇನೆ. ಪ್ರಯೋಗಾಲಯದ ಗೋಡೆಯ ಮೇಲೆ ಬಾಗಿದ ಕೋತಿ ಹಂತ ಹಂತವಾಗಿ ನೆಟ್ಟಗೆ ನಿಂತು ಮನುಷ್ಯನಾಗುವ ಚಿತ್ರಪಟವಿತ್ತು. ಅದೂ ಇದೇ ತಪ್ಪು ಕಲ್ಪನೆಯನ್ನು ಬಿತ್ತುವಂಥದ್ದಾದ್ದರಿಂದ ಸೋಮವಾರವೇ ತೆಗೆಸಿದ್ದೇನೆ.

ಇನ್ನು ‘ಬರೀ ಸಿದ್ಧಾಂತ’ ಎಂಬ ಮಾತು. ಇದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಬೇಸರಿಸಬೇಡಿ. ತೊಂದರೆಯ ಅರ್ಧ ಪಾಲು ನಮ್ಮ ಮಾತಿನ ಬಳಕೆಯಲ್ಲೇ ಇದೆ. ಕಾಲೇಜಿನಲ್ಲಿ ಥಿಯರಿ ಪೇಪರ್ ಬೇರೆ, ಪ್ರಾಕ್ಟಿಕಲ್ ಬೇರೆ. ಅಲ್ಲಿಂದ ‘ಅದೆಲ್ಲ ಥಿಯರಿ, ಜೀವನ ಬೇರೆ’ ಎಂಬ ಮಾತು ಹುಟ್ಟಿತು. ಕನ್ನಡದಲ್ಲಿ ಡಾರ್ವಿನ್ನರ ವಿಚಾರಕ್ಕೆ ವಿಕಾಸವಾದವೆಂಬ ಹೆಸರು ಬಿದ್ದಿದೆ. ವಾದವೆಂದ ಕೂಡಲೇ ನಮಗೆ ಕೋರ್ಟು ನೆನಪಾಗುತ್ತದೆ, ಎದುರು ವಕೀಲರಿಗೂ ಅಷ್ಟೇ ಸಮಯ ಕೊಡಬೇಕೆನಿಸುತ್ತದೆ. ಆದರೆ ಸಿದ್ಧಾಂತವೆಂಬ ಶಬ್ದವನ್ನು ನಮ್ಮ ಹಿರಿಯರು ಹಾಗೆ ಬಳಸಿದವರಲ್ಲ. ಶಾಸ್ತ್ರಗ್ರಂಥಗಳಲ್ಲಿ ಮೊದಲು ಪೂರ್ವಪಕ್ಷ ಬರುತ್ತದೆ, ಅಂದರೆ ಎದುರಾಳಿ ಎತ್ತಬಹುದಾದ ಆಕ್ಷೇಪಗಳೆಲ್ಲ ಬರುತ್ತವೆ; ಅವನ್ನೆಲ್ಲ ಪರಿಶೀಲಿಸಿ, ಅಲ್ಲಗಳೆದು, ಕೊನೆಗೆ ನಿಂತದ್ದು ಸಿದ್ಧಾಂತ. ನಮ್ಮ ಭಾಗದ ಮರ್ತೂರಿನವನೆಂದು ನಾವು ಹೆಮ್ಮೆಪಡುವ ವಿಜ್ಞಾನೇಶ್ವರ ಕಲ್ಯಾಣದಲ್ಲಿದ್ದು ಬರೆದ, ಆಸ್ತಿ ಪಾಲಿನ ವಿಚಾರದಲ್ಲಿ ಇಂದಿಗೂ ಹೆಸರು ಕೇಳಿಬರುವ ಮಿತಾಕ್ಷರವೂ ಈ ಕ್ರಮದಲ್ಲೇ ಸಾಗುತ್ತದೆ. ವಿಜ್ಞಾನದಲ್ಲಿಯೂ ಸಿದ್ಧಾಂತವೆಂದರೆ ಹೀಗೆ ಆಕ್ಷೇಪಗಳನ್ನೂ ಪರೀಕ್ಷೆಗಳನ್ನೂ ದಾಟಿ ನಿಂತ ವಿವರಣೆ. ಊಹೆಗೆ ಅಲ್ಲಿ ಪ್ರಾಕ್ಕಲ್ಪನೆ ಎಂಬ ಬೇರೆಯೇ ಹೆಸರಿದೆ.

‘ಸಾಬೀತಾಗಿದ್ದರೆ ನಿಯಮ ಎನ್ನುತ್ತಿದ್ದರಲ್ಲ’ ಎಂದು ಪದವೀಧರರಾದ ಒಬ್ಬ ಪೋಷಕರು ಹೇಳಿದರು. ಹವಾಲ್ದಾರರು ಬಡ್ತಿ ಪಡೆದು ಇನ್‌ಸ್ಪೆಕ್ಟರ್ ಆಗುವಂತೆ ಸಿದ್ಧಾಂತ ಬಡ್ತಿ ಪಡೆದು ನಿಯಮವಾಗುವುದಿಲ್ಲ. ಏನಾಗುತ್ತದೆ ಎಂಬುದನ್ನು ನಿಯಮ ಹೇಳುತ್ತದೆ, ಏಕೆ ಮತ್ತು ಹೇಗೆ ಎಂಬುದನ್ನು ಸಿದ್ಧಾಂತ ವಿವರಿಸುತ್ತದೆ. ರೋಗಾಣುಗಳಿಂದ ರೋಗ ಬರುತ್ತದೆನ್ನುವುದೂ ಸಿದ್ಧಾಂತವೇ, ಜೀವಕೋಶ ಸಿದ್ಧಾಂತವೂ ಸಿದ್ಧಾಂತವೇ. ಅವುಗಳ ಬಗ್ಗೆ ಈವರೆಗೆ ನನಗೆ ಒಂದೂ ದೂರು ಬಂದಿಲ್ಲ.

ನಿಮ್ಮಲ್ಲಿ ಬಹುಪಾಲು ಜನ ಹತ್ತಿ ಬೆಳೆದವರು, ಆದ್ದರಿಂದ ಹತ್ತಿಯ ಮಾತನ್ನೇ ಹೇಳುತ್ತೇನೆ. ಕಾಯಿಕೊರಕ ಹುಳುವನ್ನು ಕೊಲ್ಲುವ ವಿಷವನ್ನು ಗಿಡವೇ ತಯಾರಿಸುವ ಬಿಟಿ ಹತ್ತಿಗೆ ನಮ್ಮ ದೇಶದಲ್ಲಿ 2002ರಲ್ಲಿ ಅನುಮತಿ ಸಿಕ್ಕಿತು, 2006ರಲ್ಲಿ ಅಂಥ ವಿಷದ ಎರಡು ಜೀನುಗಳಿರುವ ತಳಿ ಬಂತು. ಮೊದಮೊದಲು ಕಾಯಿಕೊರಕ ಸತ್ತಿತು. ಬರಬರುತ್ತಾ ಗುಲಾಬಿ ಕಾಯಿಕೊರಕ ಅದೇ ಗಿಡದ ಕಾಯಿಯೊಳಗೆ ಸುಖವಾಗಿ ಕುಳಿತದ್ದನ್ನು ನೀವೇ ಬಿಡಿಸಿ ನೋಡಿದ್ದೀರಿ. ಯಾವ ಹುಳುವೂ ಅಭ್ಯಾಸ ಮಾಡಿ ವಿಷ ಜೀರ್ಣಿಸಿಕೊಳ್ಳಲು ಕಲಿಯಲಿಲ್ಲ. ಲಕ್ಷಾಂತರ ಹುಳುಗಳಲ್ಲಿ ಹುಟ್ಟಿನಿಂದಲೇ ವಿಷವನ್ನು ತಾಳಿಕೊಳ್ಳುವ ಕೆಲವು ಇದ್ದವು. ಉಳಿದವು ಸತ್ತವು, ಇವು ಮರಿ ಮಾಡಿದವು, ಮುಂದಿನ ತಲೆಮಾರುಗಳಲ್ಲಿ ಇಂಥವೇ ಹೆಚ್ಚಾದವು. ಡಾರ್ವಿನ್ 1859ರಲ್ಲಿ ಪ್ರಕಟಿಸಿದ ನೈಸರ್ಗಿಕ ಆಯ್ಕೆಯ ವಿವರಣೆ ಎಂದರೆ ಇದೇ.

450 ಗ್ರಾಂ ಬಿಟಿ ಬೀಜದ ಜೊತೆ 120 ಗ್ರಾಮಿನ ಸಾದಾ ಬೀಜದ ಚಿಕ್ಕ ಪೊಟ್ಟಣ ಬರುತ್ತಿದ್ದದ್ದು ನೆನಪಿದೆಯೇ? ಹೊಲದ ಸುತ್ತ ಬಿತ್ತಿರೆಂದು ಕೊಟ್ಟ ಅದನ್ನು ನಮ್ಮಲ್ಲಿ ಬಹಳ ಜನ ಬದುವಿಗೆ ಎಸೆದರು. ನಮ್ಮ ಮನೆಯವರೂ ಎಸೆದವರೇ. ಆ ಸಾದಾ ಗಿಡಗಳಲ್ಲಿ ವಿಷ ತಾಳದ ಹುಳುಗಳು ಬದುಕಿ, ತಾಳುವ ಹುಳುಗಳೊಂದಿಗೆ ಕೂಡಿ, ಹುಟ್ಟುವ ಮರಿಗಳು ಬಿಟಿ ಗಿಡದಲ್ಲಿ ಸಾಯಲಿ ಎಂಬುದು ಅದರ ಲೆಕ್ಕಾಚಾರ. ಅಂದರೆ ನಾವು ‘ಬರೀ ಥಿಯರಿ’ ಎನ್ನುವುದು ನಮ್ಮ ಬೀಜದ ಚೀಲದೊಳಗೇ ಪ್ರಾಕ್ಟಿಕಲ್ ಆಗಿ ಬಂದಿತ್ತು.

ವಿಜ್ಞಾನಿಗಳೇ ತಮ್ಮತಮ್ಮೊಳಗೆ ಜಗಳವಾಡುತ್ತಾರೆಂಬ ಆಕ್ಷೇಪವೂ ಬಂದಿದೆ. ಆಡುತ್ತಾರೆ, ನಿಜ, ಆದರೆ ಯಾವುದರ ಬಗ್ಗೆ ಎಂಬುದನ್ನು ನೋಡಬೇಕು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿ ಭೂಕಂಪಕ್ಕೆ ನಡುಗಿದಾಗ ನಮ್ಮ ಭಾಗದ ಹಿರಿಯರೂ ಹೊರಗೆ ಓಡಿ ಬಂದಿದ್ದರು. ಆಗಿನ ಭೂಕಂಪ ನಕ್ಷೆಯಲ್ಲಿ ಲಾತೂರ್ ಭಾಗ ಅತಿ ಕಡಿಮೆ ಅಪಾಯದ ವಲಯದಲ್ಲಿತ್ತು. ಆ ನಕ್ಷೆಯನ್ನು ಆಮೇಲೆ ತಿದ್ದಿದರು, ಗಟ್ಟಿ ನೆಲವೆಂದು ನಂಬಿದ್ದ ದಖ್ಖನ್ನಿನ ಬಗ್ಗೆ ಮತ್ತೆ ಯೋಚಿಸಿದರು. ಭೂಮಿಯ ಗಟ್ಟಿ ಹೊರಪದರದ ತುಂಡುಗಳಾದ ಭೂಫಲಕಗಳು ಚಲಿಸುತ್ತವೆಂಬ ಸಿದ್ಧಾಂತವನ್ನು ಮಾತ್ರ ಯಾರೂ ಬಿಸಾಡಲಿಲ್ಲ. ಜೀವವಿಕಾಸದ ಒಳಗಿನ ಚರ್ಚೆಗಳೂ ಇಂಥವೇ. ಯಾವ ಕವಲು ಯಾವಾಗ ಒಡೆಯಿತು, ಎಷ್ಟು ವೇಗದಲ್ಲಿ ಎಂಬವು.

ಪಠ್ಯದ ಮಾತಿಗೆ ಬಂದರೆ, 2023ರಲ್ಲಿ ಕೇಂದ್ರದ ಪಠ್ಯಪುಸ್ತಕ ಸಂಸ್ಥೆಯಾದ ಎನ್‌ಸಿಇಆರ್‌ಟಿ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಿಂದ ಈ ಭಾಗವನ್ನು ಕೈಬಿಟ್ಟದ್ದು ನಿಜ. ಮಕ್ಕಳ ಹೊರೆ ಇಳಿಸಲು ಎಂದು ಕಾರಣ ಕೊಟ್ಟರೇ ಹೊರತು ವಿಷಯ ತಪ್ಪೆಂದು ಹೇಳಲಿಲ್ಲ. ದ್ವಿತೀಯ ಪಿಯುಸಿ ಜೀವಶಾಸ್ತ್ರದಲ್ಲಿ ಇದಕ್ಕೆ ಇಡೀ ಒಂದು ಅಧ್ಯಾಯವೇ ಇದೆ, ಮಗ ಡಾಕ್ಟರಾಗಬೇಕೆನ್ನುವವರು ಇದನ್ನು ಗಮನಿಸಬೇಕು. 2018ರಲ್ಲಿ ಕೇಂದ್ರದ ಸಚಿವರೊಬ್ಬರು ಮಂಗ ಮನುಷ್ಯನಾದದ್ದನ್ನು ಯಾರೂ ನೋಡಿಲ್ಲವೆಂದಾಗ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಆ ಮಾತಿಗೆ ಆಧಾರವಿಲ್ಲವೆಂದು ಹೇಳಿಕೆ ಕೊಟ್ಟಿದ್ದವು. ಇದರಲ್ಲಿ ರಾಜಕೀಯವನ್ನು ತರುವ ಉದ್ದೇಶ ನನಗಿಲ್ಲ.

ನಿಮ್ಮ ಮನೆಯ ದೇವರು, ನಿಮ್ಮ ಪ್ರಾರ್ಥನೆ, ನಿಮ್ಮ ನಂಬಿಕೆ ನಿಮ್ಮವು. ಅವನ್ನು ಮುಟ್ಟುವ ಹಕ್ಕು ಶಾಲೆಗಿಲ್ಲ, ಮುಟ್ಟುವುದೂ ಇಲ್ಲ. ಶಿಕ್ಷಕರು ಕೇಳುವುದು ಮಗುವಿಗೆ ವಿಷಯ ತಿಳಿದಿದೆಯೇ ಎಂದಷ್ಟೇ, ಅದನ್ನು ನಂಬುತ್ತದೆಯೇ ಎಂದಲ್ಲ. ಮನೆಯಲ್ಲಿ ನೀವು ಬೇರೆ ಮಾತು ಹೇಳಿಕೊಟ್ಟಿದ್ದಕ್ಕೆ ಯಾವ ಮಗುವನ್ನೂ ತರಗತಿಯಲ್ಲಿ ಹಂಗಿಸುವಂತಿಲ್ಲ. ಹಾಗೆ ನಡೆದರೆ ನೇರವಾಗಿ ನನಗೆ ತಿಳಿಸಿ. ಆದರೆ ಆ ತರಗತಿಯಿಂದ ಮಗುವನ್ನು ಹೊರಗೆ ಕೂರಿಸಬೇಕೆಂಬ ಕೋರಿಕೆಯನ್ನು ಒಪ್ಪಲಾರೆ. ಇದರ ಜೊತೆಗೆ ‘ಇನ್ನೊಂದು ಪಕ್ಷಕ್ಕೂ’ ಒಂದು ಪಿರಿಯಡ್ ಕೊಡಬೇಕೆಂಬುದನ್ನೂ ಒಪ್ಪಲಾರೆ, ಏಕೆಂದರೆ ವಿಜ್ಞಾನದ ತರಗತಿಯಲ್ಲಿ ಆ ಪೂರ್ವಪಕ್ಷದ ವಿಚಾರಣೆ ಮುಗಿದು ಬಹಳ ಕಾಲವಾಗಿದೆ. ನಿಷ್ಠುರವಾಗಿ ಕಂಡರೆ ಮನ್ನಿಸಿ. ನೀವು ಮಕ್ಕಳನ್ನು ನಮ್ಮ ಮೇಲೆ ಭರವಸೆಯಿಟ್ಟು ಕಳಿಸುತ್ತೀರಿ ಎಂಬುದನ್ನು ಮರೆತು ಈ ಮಾತು ಬರೆದಿಲ್ಲ.

ಮುಂದಿನ ಶನಿವಾರ ಮಧ್ಯಾಹ್ನ 3 ಗಂಟೆಗೆ ಪ್ರಯೋಗಾಲಯ ನಿಮಗಾಗಿ ತೆರೆದಿರುತ್ತದೆ. ಇಸಾಂಪುರದಲ್ಲಿ ಮಕ್ಕಳು ಬಿಡಿಸಿ ತಂದ ಚಿತ್ರಗಳನ್ನು ನೋಡಬಹುದು, ಶಿಕ್ಷಕರನ್ನು ಬೇಕಾದ್ದು ಕೇಳಬಹುದು, ಚಹಾ ನಮ್ಮ ಕಡೆಯಿಂದ.

ಪ್ರಶ್ನೆಗಳಿದ್ದರೆ ದಯವಿಟ್ಟು ಮಗುವಿನ ಡೈರಿಯಲ್ಲಿ ಬರೆದು ಸಹಿ ಮಾಡಿ ಗುರುವಾರದೊಳಗೆ ಕಳುಹಿಸಿ.

ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು
ಸುರಪುರ, ಯಾದಗಿರಿ ಜಿಲ್ಲೆ