ಎಲೆಕ್ಟ್ರಾನಿನ ಲೆಕ್ಕ

ಚಿರಂಜೀವಿ ಮೇಘಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಜೀವಕೋಶದ ಉಸಿರಾಟದ ಪಾಠವನ್ನು ಉರು ಹೊಡೆಯುತ್ತಿದ್ದೀಯೆಂದು ನಿನ್ನ ಅಪ್ಪ ಹೇಳಿದ. ಬೇಡ ಮಗಳೇ. ಆ ಕಿಣ್ವಗಳ ಹೆಸರೆಲ್ಲ ಪರೀಕ್ಷೆ ಮುಗಿದ ವಾರಕ್ಕೇ ಮರೆತುಹೋಗುತ್ತವೆ. ಎಲೆಕ್ಟ್ರಾನುಗಳು ಎಲ್ಲಿಂದ ಹೊರಟು ಎಲ್ಲಿಗೆ ಸೇರಿದವು ಎಂಬುದೊಂದನ್ನು ಬಿಡದೆ ಹಿಡಿದುಕೋ.

ಆಮ್ಲಜನಕ ಸೇರುವುದೇ ಉತ್ಕರ್ಷಣ ಎಂಬ ಹೈಸ್ಕೂಲಿನ ವ್ಯಾಖ್ಯೆ ಇಲ್ಲಿ ಸಾಲದು. ಎಲೆಕ್ಟ್ರಾನ್ ಕಳೆದುಕೊಂಡರೆ ಉತ್ಕರ್ಷಣ, ಪಡೆದರೆ ಅಪಕರ್ಷಣ. ಗ್ಲೂಕೋಸನ್ನು ಒಡೆಯುವ ಮೊದಲ ಹಂತವಾದ ಗ್ಲೈಕಾಲಿಸಿಸ್‌ನಲ್ಲಿ ಆಮ್ಲಜನಕದ ಸುಳಿವೇ ಇಲ್ಲ. ಆದರೂ ಉತ್ಕರ್ಷಣ ನಡೆಯುತ್ತದೆ, ಏಕೆಂದರೆ ಅಲ್ಲಿ ಎಲೆಕ್ಟ್ರಾನುಗಳನ್ನು ಎನ್‌ಎಡಿ ಎಂಬ ವಾಹಕ ಅಣು ಪಡೆದುಕೊಂಡು ಎನ್‌ಎಡಿಎಚ್ ಆಗುತ್ತದೆ.

ಕಾಗದ ತೆಗೆದುಕೊಂಡು ಲೆಕ್ಕ ಹಾಕು. ಗ್ಲೂಕೋಸಿನ 6 ಇಂಗಾಲಗಳ ಸರಾಸರಿ ಉತ್ಕರ್ಷಣ ಸಂಖ್ಯೆ ಸೊನ್ನೆ, ಇಂಗಾಲದ ಡೈಆಕ್ಸೈಡಿನಲ್ಲಿ +4. ಅಲ್ಲಿಗೆ 24 ಎಲೆಕ್ಟ್ರಾನುಗಳು ಹೊರಬರಬೇಕು. ಒಂದು ಗ್ಲೂಕೋಸಿನಿಂದ 10 ಎನ್‌ಎಡಿಎಚ್, ಅಂಥದೇ ಇನ್ನೊಂದು ವಾಹಕವಾದ ಎಫ್‌ಎಡಿಎಚ್2 ಎರಡು ಸಿಗುತ್ತವೆ. ಪ್ರತಿಯೊಂದೂ 2 ಎಲೆಕ್ಟ್ರಾನುಗಳನ್ನು ಹೊರುತ್ತದೆ. 24! ಕೊನೆಯಲ್ಲಿ 6 ಆಮ್ಲಜನಕದ ಅಣುಗಳು ತಲಾ 4ರಂತೆ ಪಡೆಯುತ್ತವೆ. ಮತ್ತೆ 24. ಇಷ್ಟು ವರ್ಷ ಪಾಠ ಹೇಳಿದ ಮೇಲೂ ಈ ತಾಳೆ ನೋಡಿದರೆ ನನಗೆ ಹಿಗ್ಗು.

ಇದರಿಂದ ಇನ್ನೊಂದು ಸಂಗತಿ ಹೊರಬರುತ್ತದೆ. ನಾವು ಒಳಗೆಳೆದುಕೊಂಡ ಆಮ್ಲಜನಕ ಇಂಗಾಲದ ಡೈಆಕ್ಸೈಡ್ ಆಗುವುದಿಲ್ಲ, ನೀರಾಗುತ್ತದೆ. ಅನೇಕ ಪದವೀಧರರೂ ಇಲ್ಲಿ ತಪ್ಪುತ್ತಾರೆ. ಸಯನೈಡ್ ಕೊಲ್ಲುವುದೂ ಇಲ್ಲಿಯೇ: ಆಮ್ಲಜನಕಕ್ಕೆ ಎಲೆಕ್ಟ್ರಾನ್ ದಾಟಿಸುವ ಕೊನೆಯ ಕಿಣ್ವವನ್ನು ಅದು ಕಟ್ಟಿಹಾಕುತ್ತದೆ.

ಎನ್‌ಎಡಿಎಚ್‌ನಿಂದ ಆಮ್ಲಜನಕದವರೆಗೆ ಎಲೆಕ್ಟ್ರಾನುಗಳು ಸುಮಾರು 1.14 ವೋಲ್ಟ್ ಇಳಿಯುತ್ತವೆ. ಆ ಶಕ್ತಿ ಮೈಟೊಕಾಂಡ್ರಿಯದ ಒಳಪೊರೆಯಾಚೆಗೆ ಪ್ರೋಟಾನುಗಳನ್ನು ತಳ್ಳುತ್ತದೆ; ಅವು ಹಿಂದಿರುಗುವಾಗ ಜೀವಕೋಶ ಶಕ್ತಿಗಾಗಿ ಬಳಸುವ ಎಟಿಪಿ ಎಂಬ ಅಣು ತಯಾರಾಗುತ್ತದೆ. 1961ರಲ್ಲಿ ಪೀಟರ್ ಮಿಚೆಲ್ ಇದನ್ನು ಹೇಳಿದಾಗ ಬಹಳ ಮಂದಿ ನಂಬಲಿಲ್ಲ. 1978ರಲ್ಲಿ ಅವರಿಗೆ ನೊಬೆಲ್ ಬಂದಿತು. ಒಂದು ಗ್ಲೂಕೋಸಿನಿಂದ ಸಿಗುವ ಎಟಿಪಿಯ ಸಂಖ್ಯೆ ಹಳೆಯ ಪುಸ್ತಕಗಳಲ್ಲಿ 36 ಅಥವಾ 38, ಈಗಿನ ಅಂದಾಜು 30ರಿಂದ 32. ಪರೀಕ್ಷೆಯಲ್ಲಿ ನಿನ್ನ ಪುಸ್ತಕದಲ್ಲಿರುವುದನ್ನೇ ಬರೆ.

ಆಮ್ಲಜನಕ ಸಾಲದ ಸ್ನಾಯುವಿನಲ್ಲಿ ಎನ್‌ಎಡಿಎಚ್ ತನ್ನ ಎಲೆಕ್ಟ್ರಾನುಗಳನ್ನು ಗ್ಲೈಕಾಲಿಸಿಸ್‌ನ ಕೊನೆಗೆ ಸಿಗುವ ಪೈರುವೇಟಿಗೆ ಕೊಟ್ಟು ಅದನ್ನು ಲ್ಯಾಕ್ಟೇಟ್ ಮಾಡುತ್ತದೆ; ಇಲ್ಲವಾದರೆ ಎನ್‌ಎಡಿ ಮುಗಿದು ಗ್ಲೈಕಾಲಿಸಿಸ್ ನಿಂತೇಹೋಗುತ್ತದೆ. ಯೀಸ್ಟಿನಲ್ಲಿ ಅವೇ ಎಲೆಕ್ಟ್ರಾನುಗಳನ್ನು ಯಾವ ಅಣು ಪಡೆಯುತ್ತದೆ? ಉತ್ತರವನ್ನು ನೀನೇ ಹುಡುಕಿ, ಸಮೀಕರಣದ ಸಮೇತ ನನಗೆ ಬರೆ.

ನಿನ್ನ ದೊಡ್ಡಪ್ಪ