ಶನಿವಾರದ ಕೆರೆ ಪಾಠದ ಬಗ್ಗೆ

ಪ್ರೀತಿಯ ಪೋಷಕರಿಗೆ ನಮಸ್ಕಾರ.

ಕಳೆದ ಶನಿವಾರ ಮಾಗಡಿ ಕೆರೆಗೆ ಹೋದ ಒಂಬತ್ತನೇ ತರಗತಿಯ ಮಕ್ಕಳು ಒಂದು ತಾಸು ತಡವಾಗಿ ಮನೆ ಸೇರಿದರು. ನೀವು ದಾರಿ ಕಾಯ್ದು ಗಾಬರಿಯಾದಿರಿ. ತಪ್ಪು ನಮ್ಮದೇ, ಫೋನ್ ಮಾಡಿ ತಿಳಿಸಬೇಕಿತ್ತು. ಇನ್ನು ಮುಂದೆ ಹನ್ನೊಂದೂವರೆಗೆ ಮಕ್ಕಳು ಶಾಲೆಗೆ ವಾಪಸ್ ಬಂದಿರುತ್ತಾರೆ.

ಆದರೆ ಸೋಮವಾರ ಆಫೀಸಿಗೆ ಬಂದವರ ಪ್ರಶ್ನೆ ಬೇರೆ ಇತ್ತು. “ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಸುಮ್ನೆ ಹಕ್ಕಿ ನೋಡಿದ್ರ ಮಾರ್ಕ್ಸ್ ಬರ್ತಾವೇನ್ರಿ ಸರ್?”

ನಿಮ್ಮ ಚಿಂತೆ ನನಗೆ ಅರ್ಥವಾಗುತ್ತದೆ. ಆ ದಿನ ನಡೆದದ್ದನ್ನೇ ಹೇಳುತ್ತೇನೆ. ಮಕ್ಕಳು ಏರಿ ಮೇಲೆ ಕೂತು ಪಟ್ಟೆತಲೆ ಹೆಬ್ಬಾತು ಎಣಿಸಿದರು. ಅಷ್ಟು ಹಕ್ಕಿಗಳನ್ನು ಒಂದೊಂದಾಗಿ ಎಣಿಸಲು ಆಗಲ್ಲ. ಕೆರೆಯನ್ನು ಕಣ್ಣಳತೆಯಲ್ಲಿ ಭಾಗ ಮಾಡಿ, ಒಂದು ಭಾಗ ಎಣಿಸಿ, ಗುಣಿಸಿದರು. ಎರಡು ಗುಂಪಿನ ಲೆಕ್ಕಕ್ಕೆ ಭಾರಿ ವ್ಯತ್ಯಾಸ ಬಂತು. ಒಂದು ಗುಂಪು ಹಕ್ಕಿಗಳು ಒತ್ತಾಗಿದ್ದ ಭಾಗವನ್ನೇ ಆರಿಸಿಕೊಂಡಿತ್ತು. ಅದು ಗೊತ್ತಾಗುವವರೆಗೆ ವಾದ ಮಾಡಿ, ಮತ್ತೆ ಎಣಿಸಿದರು. ತಡವಾದದ್ದು ಅದಕ್ಕೇ. ಗಣಿತ ಅಂದರೆ ಹಿಂದಿನ ಬೆಂಚಿಗೆ ಸರಿಯುವ ಮಕ್ಕಳೂ ಆ ವಾದದಲ್ಲಿದ್ದರು. ನನಗೆ ಬಹಳ ಖುಷಿಯಾಯಿತು.

ಈ ಹಕ್ಕಿಗಳು ಹಿಮಾಲಯ ದಾಟಿ ಬರುತ್ತವೆ. ಹಗಲು ಕೆರೆಯಲ್ಲಿದ್ದು ರಾತ್ರಿ ಹೊಲಗಳಲ್ಲಿ ಮೇಯುತ್ತವೆ. ಅವು ಇಳಿದ ಹೊಲದ ಕಥೆ ಏನಾಗುತ್ತದೆ ಅಂತ ರೈತರಾದ ನಿಮಗೆ ನನಗಿಂತ ಜಾಸ್ತಿ ಗೊತ್ತು. ಮುಂದಿನ ಸಲ ಮಕ್ಕಳು ಅದನ್ನು ನಿಮ್ಮನ್ನೇ ಕೇಳಿ ಬರೆದುಕೊಳ್ಳುತ್ತಾರೆ. 2024ರಲ್ಲಿ ಈ ಕೆರೆ ಜಗತ್ತಿನ ಮುಖ್ಯ ಜೌಗು ನೆಲಗಳ ರಾಮ್ಸಾರ್ ಪಟ್ಟಿ ಸೇರಿತು. ನಡೆದು ಹೋಗುವಷ್ಟು ಹತ್ತಿರ ಇಂಥ ಕೆರೆ ಇಟ್ಟುಕೊಂಡು, ಆಹಾರ ಸರಪಳಿಯನ್ನು ಬರೀ ಬೋರ್ಡಿನ ಮೇಲೆ ಬರೆಯುವುದು ಸರಿಯಲ್ಲ ಅಲ್ವಾ? ಎಷ್ಟೋ ವರ್ಷ ನಾನೂ ಹಾಗೇ ಕಲಿಸಿದೆ. ಪರೀಕ್ಷೆ ಮುಗಿದ ವಾರಕ್ಕೇ ಮಕ್ಕಳು ಮರೆಯುತ್ತಿದ್ದರು.

ಮಾರ್ಕ್ಸ್ ಬೇಡ ಅಂತ ನಾನು ಹೇಳುತ್ತಿಲ್ಲ. ಖಂಡಿತ ಬೇಕು. ಯಾವ ಪಾಠವೂ ಹಿಂದೆ ಬಿದ್ದಿಲ್ಲ. ಬೇಕಾದರೆ ಬಂದು ಮಕ್ಕಳ ನೋಟ್ಸ್ ನೋಡಿ. ಹತ್ತನೇ ತರಗತಿಯವರನ್ನು ಕರೆದೊಯ್ಯುತ್ತಿಲ್ಲ, ಅವರಿಗೆ ರಿವಿಷನ್ ನಡೆದಿದೆ. ಒಂಬತ್ತನೆಯವರಿಗೂ ತಿಂಗಳಿಗೆ ಎರಡೇ ಶನಿವಾರ.

ಯಾವ ಮಗುವೂ ನೀರಿಗೆ ಇಳಿಯುವಂತಿಲ್ಲ, ಏರಿ ಬಿಟ್ಟು ಹೋಗುವಂತಿಲ್ಲ. ಜೊತೆಗೆ ಇಬ್ಬರು ಶಿಕ್ಷಕರಿರುತ್ತಾರೆ, ಅವರಲ್ಲಿ ಒಬ್ಬರು ಮೇಡಂ. ಕೆಸರಾದ ಯೂನಿಫಾರ್ಮ್ ಬಗ್ಗೆ ತಾಯಂದಿರು ಹೇಳಿದ್ದು ಸರಿ. ಆ ದಿನ ಹಳೇ ಬಟ್ಟೆ ಸಾಕು.

ಕೆರೆ ಪಾಠ ನಿಲ್ಲಿಸುವುದಿಲ್ಲ. ಈ ಪತ್ರದ ಜೊತೆಗಿರುವ ಒಪ್ಪಿಗೆ ಚೀಟಿಗೆ ಸಹಿ ಮಾಡಿ ಶುಕ್ರವಾರದೊಳಗೆ ಕಳಿಸಿ.

ಇಂತಿ ನಿಮ್ಮ,
ಮುಖ್ಯೋಪಾಧ್ಯಾಯರು